ಋಣ ಚಿಹ್ನೆ

ಭಾಲ್ಕಿಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಜಿಜಾಬಾಯಿ ಟೀಚರಿಗೆ ಸಿಟ್ಟು ಮೂಗಿನ ತುದಿಯಲ್ಲೇ. ಅಂದು ದಹನದ ಪಾಠ. ತೊಗರಿ ಕಟ್ಟಿಗೆ ಉರಿದಾಗ ಹೊರಬೀಳುವ ಶಾಖವನ್ನು ಹಲಗೆಯ ಮೇಲೆ ಬರೆದು, ಅಂಕಿಯ ಮುಂದೆ ಋಣ ಚಿಹ್ನೆ ಹಾಕಿದರು.

"ಶಾಖ ಬಂದದಲ್ರಿ ಟೀಚರ್, ಮತ್ತ ಋಣ ಯಾಕ?" ಎಂದಳು ಮುಂದಿನ ಬೆಂಚಿನ ನಸ್ರೀನ.

"ಬಂದದ್ದು ನಮಗ. ಕಳ್ಕೊಂಡದ್ದು ಕಟ್ಟಿಗಿ. ಈ ಲೆಕ್ಕ ಕಟ್ಟಿಗಿದು, ನಮ್ದಲ್ಲ!"

ಎಪ್ಪತ್ತೆರಡರ ಬರದಲ್ಲಿ ಟೀಚರ ಅವ್ವ ಅನುಸೂಯಾಬಾಯಿ, ಮಗಳನ್ನು ಭಾಲ್ಕಿಯ ಸೋದರತ್ತೆಯ ಮನೆಯಲ್ಲಿ ಓದಲು ಬಿಟ್ಟು, ಠಾಣಾ ಕುಶನೂರಿನಿಂದ ಮುಂಬೈಗೆ ಕಟ್ಟಡದ ಕೂಲಿಗೆ ಹೋದಳು. "ಈ ಊರಿನ ಋಣ ತೀರ್ತು" ಎಂದೇ ಬಸ್ಸು ಹತ್ತಿದಳು. ಅವಳ ಮನಿಆರ್ಡರಿನಲ್ಲಿ ಮಗಳು ಟೀಚರಾದಳು. ಅವ್ವ ಅಲ್ಲೇ ತೀರಿಕೊಂಡಳು. ಈಗಲೂ ಮುಂಬೈ ಬಸ್ಸು ಬಂದು ನಿಂತರೆ ಟೀಚರು ಇಳಿಯುವವರ ಮುಖ ನೋಡುತ್ತಾರೆ.

ನಸ್ರೀನ ಬಿಡಲಿಲ್ಲ. "ಹಂಗಾದ್ರ ಕಟ್ಟಿಗಿ ಋಣ ತೀರೂದು ಯಾವಾಗ್ರಿ?"

ತರಗತಿ ನಕ್ಕಿತು. ಟೀಚರು ಗದರಲಿಲ್ಲ.

"ಬೂದಿ ತಿರುಗಿ ಕಟ್ಟಿಗಿ ಆದಾಗ," ಎಂದು ಹಲಗೆಯತ್ತ ತಿರುಗಿ, ಅಂಕಿಯ ಮುಂದೆ ಆಗಲೇ ಬರೆದಿದ್ದ ಆ ಋಣದ ಗೆರೆಯ ಮೇಲೆ ಮತ್ತೊಮ್ಮೆ ಸೀಮೆಸುಣ್ಣ ಎಳೆದರು.