ಅಮ್ಮನ ಕಣ್ಣು, ನನ್ನ ಗ್ರಾಫಿಕ್ಸ್ ಕಾರ್ಡು

ಇವತ್ತು ಬೆಳಿಗ್ಗೆ ಕಂಪ್ಯೂಟರಿನ ಪಕ್ಕದ ತಗಡು ಬಿಚ್ಚಿದೆ. ಹಳೆಯ ಧೂಳಿನ ವಾಸನೆ ಮೂಗಿಗೆ ಬಡಿಯಿತು. ಒಳಗೆ ಗ್ರಾಫಿಕ್ಸ್ ಕಾರ್ಡಿನ ಫ್ಯಾನಿನ ಮೇಲೆ ಒಣಗಿದ ಕುಂಕುಮದ ಬೊಟ್ಟೊಂದು ಕಾಣಿಸಿತು. ಆಟದ ಚಿತ್ರಗಳನ್ನು ಪರದೆಗೆ ತರುವ ಈ ಕಾರ್ಡನ್ನು ಬದಲಿಸಬೇಕೋ ಬೇಡವೋ ಎಂದು ನಾನು ಎರಡು ವರ್ಷ ಮೀನಮೇಷ ಎಣಿಸಿದ್ದೇನೆ. ಐವತ್ತು ದಾಟಿದ ಮೇಷ್ಟರಿಗೆ ಕಂಪ್ಯೂಟರ್ ಆಟವೇ ಎಂದು ನೀವು ನಗಬಹುದು. ಕಾಲೇಜಿನಲ್ಲಿ ನಾನು ಈ ಕಂಪ್ಯೂಟರನ್ನು ಪ್ರಶ್ನೆಪತ್ರಿಕೆ ತಯಾರಿಸಲು ಇಟ್ಟುಕೊಂಡಿರುವುದಾಗಿ ಹೇಳುತ್ತ ಬಂದಿದ್ದೇನೆ.

ಬೊಟ್ಟು ಅಮ್ಮನದು. ಕಾರ್ಡು ಹೊಸದಾಗಿದ್ದ ವರ್ಷ ಆಯುಧಪೂಜೆಗೆ ಸ್ಕೂಟರು, ಮಿಕ್ಸಿ, ಈಳಿಗೆಮಣೆಗಳ ಜೊತೆ ಕಂಪ್ಯೂಟರಿಗೂ ಹೂ ಮುಡಿಸಿದ್ದೆವು. ಅಮ್ಮನಿಗೆ ಅಷ್ಟು ಸಾಲಲಿಲ್ಲ.

“ಕೆಲ್ಸ ಮಾಡೋದು ಒಳಗಿರೋದು. ಡಬ್ಬಕ್ಕೆ ಪೂಜೆ ಮಾಡಿ ಏನ್ ಬಂತು? ತೆಗಿಯೋ.”

ತೆಗೆದೆ. ಫ್ಯಾನಿನ ಒಂದೊಂದು ರೆಕ್ಕೆಗೂ ಧಾರಾಳವಾಗಿ ಕುಂಕುಮ ಇಟ್ಟಳು. ಸ್ಕೂಟರನ್ನು ನಿಂಬೆಹಣ್ಣಿನ ಮೇಲೆ ಓಡಿಸಿ ಬಂದ ಉತ್ಸಾಹದಲ್ಲಿ ನಾನು ಇದರ ಸ್ವಿಚ್ಚನ್ನೂ ಒತ್ತಿದೆ. ನನ್ನ ಬಿಳಿ ಪಂಚೆ, ಹೊಸ ಬಣ್ಣದ ಗೋಡೆ, ಎಲ್ಲ ಕೆಂಪಾಯಿತು. “ಒಳ್ಳೇ ಶಕುನ” ಎಂದಳು ಅಮ್ಮ. ಗೋಡೆ ಒರೆಸಿದವನು ನಾನು.

ಅಂದಿನಿಂದ ಅವಳಿಗೆ ಆ ಯಂತ್ರದ ಮೇಲೆ ಒಂದು ಹಕ್ಕು ಬಂತು. ಮಂಡಿನೋವಿನಿಂದಾಗಿ ಪಾರ್ಕಿಗೆ ಹೋಗುವುದು ನಿಂತಿತ್ತು. ಸಂಜೆ ಕಾಫಿ ಲೋಟ ಹಿಡಿದು ನನ್ನ ಪಕ್ಕ ಕೂರುವಳು. ನಾನು ಆಡುತ್ತಿದ್ದದ್ದು ಕುದುರೆ ಸವಾರನೊಬ್ಬ ಕಾಡು ಬೆಟ್ಟ ಅಲೆದು ಕಳ್ಳರನ್ನು ಹಿಡಿಯುವ ಆಟ. ಅಮ್ಮನಿಗೆ ಕಳ್ಳರು ಬೇಡ.

“ಬಿಡೋ ಅವ್ರನ್ನ, ಏನೋ ಹೊಟ್ಟೆಪಾಡು. ಆ ಹೊಳೆ ಪಕ್ಕ ಹೋಗು.”

ಹೋಗುತ್ತಿದ್ದೆ. ಹೀಗೆ ನನ್ನ ಸವಾರ ಒಬ್ಬ ಕಳ್ಳನನ್ನೂ ಹಿಡಿಯದೆ ವರ್ಷಗಟ್ಟಲೆ ವಾಯುವಿಹಾರ ಮಾಡಿದ. ಕುದುರೆಗೆ ನೀರು ಕುಡಿಸಲು ಮರೆತರೆ ನನಗೆ ಬೈಗುಳ.

ಆಟ ಹೊಸ ಹೊಸದಾಗುತ್ತ ಹೋದಂತೆ ಕಾರ್ಡು ಏದುಸಿರು ಬಿಡತೊಡಗಿತು. ಚಿತ್ರ ತಡವರಿಸದಿರಲೆಂದು ನಾನು ಆಟದ ಸೆಟ್ಟಿಂಗಿನಲ್ಲಿ ದೂರದ ದೃಶ್ಯಗಳನ್ನೆಲ್ಲ ಮಬ್ಬು ಮಾಡಿಟ್ಟೆ. ಬಿಟಿಎಂ ಬಡಾವಣೆಯ ಕಂಪ್ಯೂಟರ್ ಅಂಗಡಿಯವನು “ಸಾರ್, ಇದನ್ನ ಇನ್ನೂ ಇಟ್ಕೊಂಡಿದೀರಾ? ಚೇಂಜ್ ಮಾಡ್ಬಿಡಿ ಸಾರ್” ಎಂದು ಕೈಮುಗಿದ. ಓಡುತ್ತಿರುವುದನ್ನು ಬದಲಿಸುವ ಜಾಯಮಾನ ನನ್ನದಲ್ಲ. ಹೀಗಿರುವಾಗ ಒಂದು ಸಂಜೆ ಅಮ್ಮ “ಆ ಗುಡ್ಡ ಯಾಕೋ ಮಬ್ಬು” ಎಂದಳು. “ನಿನ್ ಕಣ್ಣಿಗೆ ಪೊರೆ ಬಂದಿರ್ಬೇಕು” ಎಂದುಬಿಟ್ಟೆ. ಪರೀಕ್ಷೆ ಮಾಡಿಸಿದರೆ ನಿಜಕ್ಕೂ ಪೊರೆ ಬಂದಿತ್ತು! ಬಾಯಿಗೆ ಬಂದದ್ದು ನಿಜವಾಯಿತೆಂದು ನಾನು ನಾಲ್ಕು ದಿನ ಬೀಗಿದ್ದೂ ಉಂಟು.

ಎರಡೂ ಕಣ್ಣಿಗೆ ಆಪರೇಷನ್ ಆಯಿತು. ಕಣ್ಣು ಬಹಳ ಚೆನ್ನಾಗಿದೆ ಎಂದರು ಡಾಕ್ಟರು. ಆದರೆ ಆಟದ ಮುಂದೆ ಕೂತ ಅಮ್ಮನಿಗೆ ಮೊದಲಿನ ಮಾತಿಲ್ಲ. ಹೋದ ವಾರ ನೋಡುತ್ತೇನೆ, ಒಂದು ಕಣ್ಣು ಮುಚ್ಚಿ ಪರದೆ ನೋಡುತ್ತಾಳೆ, ಆಮೇಲೆ ಇನ್ನೊಂದು.

“ಏನಮ್ಮಾ?”

“ಗುಡ್ಡ ಹಂಗೇ ಇದೆ ಕಣೋ. ಆಪರೇಷನ್ ಫೇಲಾಗಿದೆ. ಡಾಕ್ಟರ್‌ಗೆ ಹೇಳ್ಬೇಡ, ಪಾಪ, ಬೇಜಾರ್ ಮಾಡ್ಕೋತಾರೆ.”

ಕಿಟಕಿಯಿಂದ ಹೊರಗೆ ನೋಡಿದರೆ ಗೊತ್ತಾಗುತ್ತಿರಲಿಲ್ಲವೇ ಎಂದು ನೀವು ಕೇಳಬಹುದು. ಜಯನಗರದ ನಮ್ಮ ಮನೆಯ ಕಿಟಕಿಗೆ ಕಾಣುವ ಅತಿ ದೂರದ ವಸ್ತು ಎಂದರೆ ಪಕ್ಕದ ಅಪಾರ್ಟ್‌ಮೆಂಟಿನ ಗೋಡೆ. ಅಮ್ಮನ ಪಾಲಿಗೆ ದೂರ ಎಂಬುದು ಇದ್ದದ್ದೇ ಆ ಆಟದಲ್ಲಿ. ನನಗೆ ನಾಚಿಕೆಯಾಯಿತು, ಸಂಕಟವೂ ಆಯಿತು.

“ಅಮ್ಮಾ, ಮಬ್ಬು ಮಾಡಿದ್ದು ನಾನೇ” ಎಂದೆ.

“ಹೋಗ್ಲಿ ಬಿಡು, ನನ್ ಸಮಾಧಾನಕ್ಕೆ ಹೇಳ್ತೀಯ” ಎಂದು ಲೋಟ ಎತ್ತಿಕೊಂಡು ಎದ್ದು ಹೋದಳು. ನನ್ನ ಎರಡು ವರ್ಷದ ಮೀನಮೇಷ ಅಲ್ಲಿಗೆ ಮುಗಿಯಿತು.

ಹಾಗಾಗಿ ಇವತ್ತು ಹಳೆಯದನ್ನು ಬಿಚ್ಚಿ ಹೊಸ ಕಾರ್ಡು ಕೂರಿಸಿದೆ. ಅಮ್ಮ ಬಂದು ಅದರ ಅಂಚಿಗೆ ಒಂದೇ ಒಂದು ಬೊಟ್ಟು ಇಟ್ಟು, “ಫ್ಯಾನಿಗೆ ಬೇಡ, ಅಲ್ವಾ?” ಎಂದು ನಕ್ಕಳು. ಸ್ವಿಚ್ ಒತ್ತಿದೆ. ಗುಡ್ಡ ಬಂತು, ಬಂಡೆ ಬಂತು, ಬಂಡೆಯ ಮೇಲಿನ ಹುಲ್ಲೂ ಬಂತು. ಅಮ್ಮ ಕಾಫಿ ಲೋಟ ಕೆಳಗಿಟ್ಟಳು.

“ಆ ಒಣಮರದ ತುದೀಲಿ ಹದ್ದು ಕೂತಿದೆ, ನೋಡೋ!”

ಬಗ್ಗಿ ನೋಡಿದೆ. ಕನ್ನಡಕ ಒರೆಸಿ ಮತ್ತೆ ನೋಡಿದೆ. ಹದ್ದು ಕಾಣಲಿಲ್ಲ. ಕುದುರೆಯನ್ನು ಮರದ ಬುಡದವರೆಗೂ ಓಡಿಸಿದೆ. ಹದ್ದು ಕೂತಿತ್ತು.

“ನನ್ ಡಾಕ್ಟರ್ ಹತ್ರಾನೇ ಹೋಗು” ಎಂದಳು ಅಮ್ಮ. “ಕೈಗುಣ ಚೆನ್ನಾಗಿದೆ.”

ನಾಳೆ ಹತ್ತೂವರೆಗೆ ಹೆಸರು ಬರೆಸಿದ್ದೇನೆ.