ಹಾಸೆಲ್‌ರೋಡಿನಲ್ಲಿ ಒಲೆಯ ಸರದಿ

ಅಡಿಲೇಡ್ ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಮಾರ್ಜ್ ಆಂಟಿಯ ಕೈಚೀಲದಿಂದ ಮರದ ಹಿಡಿಯ ಗಟ್ಟಿ ಬ್ರಷ್ಷೊಂದು ಹೊರಬಂತು. ಇದೇಕೆ ಎಂದು ಅಲ್ಲಿನ ಹುಡುಗಿ ಕೇಳಿದಳು. "ನಮ್ಮ ಪೂರ್ವಿಕರಿಗೆ ಸ್ನಾನ ಮಾಡಿಸ್ಬೇಕಮ್ಮ, ಜರ್ಮನೀಲಿ," ಎಂದರು ಆಂಟಿ. ಹುಡುಗಿ ಗಾಬರಿಯಿಂದ ನನ್ನ ಮುಖ ನೋಡಿದಳು. ಸಮಾಧಿಯ ಕಲ್ಲು ತೊಳೆಯುವುದಕ್ಕೆ ಎಂದು ನಾನು ಬಿಡಿಸಿ ಹೇಳುವಷ್ಟರಲ್ಲಿ ಹಿಂದಿನ ಸಾಲು ಗೊಣಗತೊಡಗಿತ್ತು.

ಆಂಟಿ ಮಾತಾಡಿದ್ದು ಇಂಗ್ಲಿಷಿನಲ್ಲೇ. ಹದಿನಾಲ್ಕು ವರ್ಷ ಪಕ್ಕದ ಮನೆಯಲ್ಲಿದ್ದು ಅವರ ಮಾತು ನನ್ನ ಕಿವಿಗೆ ಮೈಸೂರು ಕನ್ನಡದಲ್ಲೇ ಬೀಳುತ್ತದೆ, ಹಾಗೇ ಬರೆಯುತ್ತೇನೆ. ಮಾರ್ಗರೆಟ್ ವೆಲ್ಕರ್ ಅವರ ಪೂರ್ತಿ ಹೆಸರು. ಬರೋಸಾ ಕಣಿವೆಯ ಆಚೆಗಿನ ಗೋಧಿ ಹೊಲಗಳ ನಡುವೆ ಹುಟ್ಟಿ, ಊರೂರು ಶಾಲೆಯಲ್ಲಿ ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟು, ಕೊನೆಗೆ ಅಡಿಲೇಡಿನ ಮಾಸನ್ ಲೇಕ್ಸ್ ಬಡಾವಣೆಯ ನಮ್ಮ ಬೀದಿಗೆ ಬಂದು ನೆಲೆಸಿದವರು. ಮದುವೆಯಾಗಲಿಲ್ಲ. ಒಬ್ಬನೇ ತಮ್ಮ, ಅವನಿಗೂ ಮಕ್ಕಳಿರಲಿಲ್ಲ, ಈಗ ಅವನೂ ಇಲ್ಲ. ಆ ವಂಶದಲ್ಲಿ ವೆಲ್ಕರ್ ಎಂಬ ಹೆಸರು ಹೊತ್ತವರು ಇವರೊಬ್ಬರೇ ಉಳಿದಿದ್ದರು. ಅವರ ಕಣ್ಣೂ ಹೋಗುತ್ತಿತ್ತು. ನೋಟದ ನಡುಭಾಗ ಮಸುಕಾಗಿ, ಅಂಚಿನಲ್ಲಿ ಮಾತ್ರ ಕಾಣುವ ಕಾಯಿಲೆ. ದಪ್ಪ ಅಕ್ಷರ ಓದುವುದೂ ಇನ್ನು ಸ್ವಲ್ಪ ಕಾಲವೇ ಎಂದು ಡಾಕ್ಟರು ಹೇಳಿದ್ದರಂತೆ. ಅಷ್ಟರೊಳಗೆ, ತಮ್ಮವರು ಹಡಗು ಹತ್ತುವ ಮುಂಚೆ ಬಾಳಿದ ಹಳ್ಳಿಯಲ್ಲಿ, ಒಂದು ಸಮಾಧಿಯ ಕಲ್ಲಿನ ಮೇಲೆ ತಮ್ಮ ವಂಶದ ಹೆಸರನ್ನು ತಾವೇ ಓದಬೇಕು ಎಂಬುದು ಅವರ ಆಸೆ. "ನಂಗೆ ಕಣ್ಣಾಗಿ ಬರ್ತೀಯಾ ಸುಮಾ?" ಎಂದು ಬೇಲಿಯಾಚೆಯಿಂದ ಕೇಳಿದಾಗ ನಾನು ಎರಡು ಸಲ ಯೋಚಿಸಲಿಲ್ಲ.

ನನಗೂ ಸ್ವಾರ್ಥವಿತ್ತು. ಭೂವಿಜ್ಞಾನ ಓದಿ, ಕಟ್ಟಡಗಳಿಗೆ ಅಡಿಪಾಯದ ಮಣ್ಣು ಪರೀಕ್ಷಿಸುವ ಕೆಲಸ ನನ್ನದು. ಆ ಹಳ್ಳಿ ಇರುವ ವೆಸ್ಟರ್‌ವಾಲ್ಡ್ ಪ್ರದೇಶ ಹಳೆಯ ಜ್ವಾಲಾಮುಖಿಗಳ ನೆಲ. ಎತ್ತು ಏರಿಗೆ, ಕೋಣ ನೀರಿಗೆ ಎಂಬಂತೆ ಅವರಿಗೆ ಸ್ಮಶಾನ, ನನಗೆ ಬಂಡೆ. "ಜರ್ಮನೀಗೆ ಹೋಗಿ ಸ್ಮಶಾನ ನೋಡೋರು ನೀವಿಬ್ರೇ ಕಣೇ," ಎಂದ ನನ್ನ ಗಂಡ ಹರೀಶ. "ಹೋಗ್ಬಿಟ್ಟು ಬಾ. ಶನಿವಾರ ಮಧ್ಯಾಹ್ನ ಫೋನ್ ಮಾಡು, ಮಿಕ್ಕಿದ್ದು ನಾನ್ ನೋಡ್ಕೋತೀನಿ." ಮಗಳದು ಎಂದಿನಂತೆ ಇಂಗ್ಲಿಷ್ ಉತ್ತರ: "ಅಮ್ಮಾ, ಪ್ಲೀಸ್, ನಾಟ್ ಓನ್ಲಿ ರಾಕ್ ಫೋಟೋಸ್."

ದೋಹಾದಲ್ಲಿ ವಿಮಾನ ಬದಲಿಸಿ ಫ್ರಾಂಕ್‌ಫರ್ಟಿನಲ್ಲಿ ಇಳಿದೆವು. ಅಕ್ಟೋಬರ್ ಮೊದಲ ವಾರ, ತೆಳು ಬಿಸಿಲು. ಅಲ್ಲಿಂದ ಲಿಂಬುರ್ಗ್ ಎಂಬ ಪಟ್ಟಣ ಎಪ್ಪತ್ತು ಕಿಲೋಮೀಟರಿನ ಆಸುಪಾಸು. ಅಲ್ಲಿಯವರೆಗೆ ದೊಡ್ಡ ರೈಲಿನಲ್ಲಿ ಹೋಗಿ, ಇಳಿದು ಎರಡೇ ಬೋಗಿಯ ಡೀಸೆಲ್ ರೈಲು ಹಿಡಿದೆವು. ಅದು ಗುಡ್ಡ ಹತ್ತುತ್ತಾ ಹತ್ತುತ್ತಾ ಪ್ರತಿ ಹಳ್ಳಿಗೂ ಮರ್ಯಾದೆ ಕೊಟ್ಟು ನಿಲ್ಲುತ್ತಿತ್ತು. ಆಮೇಲೆ ಬಸ್ಸು. ಬಸ್ಸಿನಲ್ಲಿ ಶಾಲೆಯ ಮಕ್ಕಳು ಮತ್ತು ನಾವು. ಕಿಟಕಿಯ ಹೊರಗಿದ್ದುದನ್ನೆಲ್ಲ ನಾನು ಆಂಟಿಗೆ ಹೇಳುತ್ತಾ ಹೋದೆ. ಗುಡ್ಡದ ಮೇಲ್ಭಾಗ ತಟ್ಟೆಯ ಹಾಗೆ ಸಮ. ಹುಲ್ಲುಗಾವಲು, ಅದರ ಅಂಚಿಗೆ ಸಾಲಾಗಿ ನೆಟ್ಟ ಮರಗಳು. ಆ ಸಾಲುಗಳು ಅಂದಕ್ಕಲ್ಲ, ಗಾಳಿ ತಡೆಯಲು ಹಿಂದಿನವರು ನೆಟ್ಟದ್ದು ಎಂದು ನಾನು ಓದಿಕೊಂಡಿದ್ದೆ. ಬಸ್ಸಿನಿಂದ ಇಳಿದ ಕೂಡಲೇ ಓದಿದ್ದು ಮೈಗೆ ಅರ್ಥವಾಯಿತು. ಗಾಳಿ ನನ್ನ ದುಪಟ್ಟಾವನ್ನು ಎದುರಿನ ಬೇಲಿಗೆ ಒಯ್ದು ಸಿಕ್ಕಿಸಿತು.

ಹಾಸೆಲ್‌ರೋಡ್ ನಾನೂರು ಜನರೂ ಇಲ್ಲದ ಊರು. ಹೆಸರಿನ ಕೊನೆಯ ತುಂಡಿಗೆ ಕಾಡು ಕಡಿದು ಮಾಡಿದ ಜಾಗ ಎಂದು ಅರ್ಥ. ಒಂದು ಚರ್ಚು, ಒಂದು ಅಗ್ನಿಶಾಮಕ ಶೆಡ್ಡು, ಕಪ್ಪು ಪದರಗಲ್ಲಿನ ಚಾವಣಿಯ ಮನೆಗಳು. ಅಂಗಡಿ ಇಲ್ಲ. ಇಷ್ಟು ಸಣ್ಣದಾದರೂ ಅದಕ್ಕೆ ತನ್ನದೇ ಪಂಚಾಯಿತಿ, ತನ್ನದೇ ಮೇಯರ್. ಮೇಯರ್ ಡೀಟರ್ ಹೊಟ್ಟೆಪಾಡಿಗೆ ಮನೆಗಳ ಹೀಟರ್ ರಿಪೇರಿ ಮಾಡುತ್ತಾರೆ, ಮೇಯರಿಕೆ ಸಂಜೆಯ ಕೆಲಸ. ಕೆಲಸದ ಅಂಗಿಯಲ್ಲೇ ಬಂದು ನಮ್ಮ ಸೂಟ್‌ಕೇಸು ಎತ್ತಿಕೊಂಡರು. ರಾತ್ರಿಯ ಊಟಕ್ಕೆ ವಸತಿಗೃಹದ ಒಡತಿ ತುರಿದ ಆಲೂಗಡ್ಡೆಯ ರೊಟ್ಟಿ ಕೊಟ್ಟಳು, ಜೊತೆಗೆ ಸೇಬಿನ ಗೊಜ್ಜು. ನಾನು ಚಟ್ನಿಪುಡಿಯ ಡಬ್ಬಿ ತೆಗೆದೆ. ಆಂಟಿ ನಾಚಿಕೆಯಿಲ್ಲದೆ ತಟ್ಟೆ ಮುಂದಕ್ಕೆ ತಳ್ಳಿದರು.

ಡೀಟರ್ ಊಟದ ಜೊತೆಗೆ ಊರಿನ ಚರಿತ್ರೆಯನ್ನೂ ಬಡಿಸಿದರು. ಒಂದು ಕಾಲಕ್ಕೆ ನಸ್ಸೌ ಡ್ಯೂಕನ ಪ್ರಜೆಗಳು, ಆಮೇಲೆ ಪ್ರಷ್ಯಾದವರು, ಮಹಾಯುದ್ಧ ಮುಗಿದ ಮೇಲೆ ಸ್ವಲ್ಪ ಕಾಲ ಫ್ರೆಂಚರ ಕೈಕೆಳಗೆ. "ರಾಜರು ಬದಲಾದರು, ಗಾಳಿ ಬದಲಾಗಲಿಲ್ಲ," ಎಂದರು. ಮಣ್ಣು ತೆಳು, ಚಳಿ ಉದ್ದ, ಆಲೂಗಡ್ಡೆ ಕೊಳೆತ ವರ್ಷ ಹಸಿವು. ಹಾಗಾಗಿ ಜನ ಹೊರಟರು. ಕೆಲವರು ಅಮೆರಿಕಕ್ಕೆ, ವೆಲ್ಕರ್ ಕುಟುಂಬ ದಕ್ಷಿಣ ಆಸ್ಟ್ರೇಲಿಯಾಕ್ಕೆ. ಅದು ನೂರೈವತ್ತು ವರ್ಷಗಳಿಗೂ ಹಿಂದಿನ ಮಾತು.

ಶುಕ್ರವಾರ ಬೆಳಿಗ್ಗೆ ಸ್ಮಶಾನಕ್ಕೆ ಹೋದೆವು. ಸ್ಮಶಾನವೆನ್ನಲು ಮನಸ್ಸು ಬಾರದಷ್ಟು ಚೊಕ್ಕಟವಾದ ತೋಟ. ಪ್ರತಿ ಸಮಾಧಿಗೂ ಹೂವಿನ ಪಾತಿ, ಗೋಡೆಗೆ ನೇತುಹಾಕಿದ ನೀರಿನ ಡಬ್ಬಿಗಳು, ಹೊಳೆಯುವ ಗ್ರಾನೈಟು. ಆಂಟಿ ಪ್ರತಿ ಕಲ್ಲಿನ ಮುಂದೆ ಕತ್ತು ಓರೆ ಮಾಡಿ, ಕಣ್ಣಂಚಿನಿಂದ ನೋಡಿ, ಸಾಲದಾಗ ಬೆರಳಿನಿಂದ ತಡವಿ ಮುಂದೆ ಹೋದರು. ನಾನು ಜೋರಾಗಿ ಓದುತ್ತಾ ಹಿಂದೆ ಹೋದೆ. ಸಾಲುಗಳು ಮುಗಿದವು. ಇದ್ದ ಅತ್ಯಂತ ಹಳೆಯ ಕಲ್ಲು ವಯಸ್ಸಿನಲ್ಲಿ ನನಗಿಂತ ಚಿಕ್ಕದು.

"ಹಳೇವು ಎಲ್ಲಿ?" ಎಂದು ಆಂಟಿ ಕೇಳಿದರು.

ಡೀಟರಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಅವರ ಮುಖ ಕೆಂಪಾಯಿತು. ಅಲ್ಲಿ ಸಮಾಧಿಯ ಜಾಗ ಬಾಡಿಗೆಯದು. ಒಂದು ತಲೆಮಾರಿನ ಅವಧಿ, ಆಮೇಲೆ ಮನೆಯವರು ಮುಂದುವರಿಸದಿದ್ದರೆ ಕಲ್ಲು ತೆಗೆದು, ಆ ನೆಲವನ್ನು ಮುಂದಿನವರಿಗೆ ಕೊಡುತ್ತಾರೆ. ಎಲ್ಲ ಕಡೆಯೂ ಹೀಗೇ ಎಂದು ಅವರು ನಂಬಿದ್ದರು. ಎಲ್ಲ ಕಡೆಯೂ ಬರೋಸಾದ ಹಾಗೆ ಕಲ್ಲು ನಿಂತಲ್ಲೇ ನಿಂತಿರುತ್ತದೆ ಎಂದು ನಾವು ನಂಬಿದ್ದೆವು. ಹಳೆಯ ಚರ್ಚಿನ ದಾಖಲೆಗಳು ದೂರದ ನಗರದಲ್ಲಿವೆ, ಹೆಸರು ಅಲ್ಲಿರುತ್ತದೆ ಎಂದು ಅವರು ಸಮಾಧಾನ ಹೇಳಿದರು. "ಕಾಗದದ ಮೇಲೆ ನಮ್ಮನೇಲೂ ಇದೆ," ಎಂದರು ಆಂಟಿ.

ಬೆಂಚಿನ ಮೇಲೆ ಕೂತು ಬ್ರಷ್ಷನ್ನು ತೊಡೆಯ ಮೇಲೆ ಇಟ್ಟುಕೊಂಡರು. ಬೆಟ್ಟ ಅಗೆದರೆ ಇಲಿಯಾದರೂ ಸಿಗುತ್ತದೆ ಅನ್ನುತ್ತಾರೆ, ನಮಗೆ ಅದೂ ಸಿಕ್ಕಿರಲಿಲ್ಲ. ಅರ್ಧ ಭೂಮಿ ದಾಟಿಸಿ ಕರೆತಂದು ಅವರಿಗೆ ಬೇರೆಯವರ ಹೂವಿನ ಪಾತಿ ತೋರಿಸಿದ್ದೆ.

"ನಿಮ್ಮಪ್ಪನ ಕಲ್ಲೆಲ್ಲಿದೆ?" ಎಂದು ಆಂಟಿ ಥಟ್ಟನೆ ಕೇಳಿದರು.

"ನಮ್ಮಲ್ಲಿ ಕಲ್ಲಿಲ್ಲ ಆಂಟಿ. ಶ್ರೀರಂಗಪಟ್ಟಣದಲ್ಲಿ ಬೂದಿನ ಕಾವೇರೀಲಿ ಬಿಟ್ವಿ."

"ಮತ್ತೆ ಹೆಸರು?"

"ವರ್ಷಕ್ಕೊಂದ್ಸಲ ನಮ್ಮಣ್ಣ ಶ್ರಾದ್ಧ ಮಾಡ್ತಾನೆ. ಆವಾಗ ಜೋರಾಗಿ ಹೇಳ್ತಾನೆ. ಅಪ್ಪ, ತಾತ, ಮುತ್ತಾತ. ಮೂರು ತಲೆ."

"ನಾಲ್ಕನೆಯವ್ರು?"

"ಅವ್ರು ಜಾಗ ಬಿಟ್ಕೊಡ್ಬೇಕು."

ಆಂಟಿ ಆ ತೋಟದತ್ತ ತಿರುಗಿದರು. "ಹಾಗಾದ್ರೆ ನೀವೂ ಬಾಡಿಗೆಯವ್ರೇ," ಎಂದು ನಕ್ಕರು. ಆದರೆ ವಾಪಸು ಬರುವ ದಾರಿಯಲ್ಲಿ, ನಾಳೆಯೇ ಹೊರಟುಬಿಡೋಣವೇ ಎಂದು ಕೇಳಿದರು.

ಡೀಟರ್ ಬಿಡಲಿಲ್ಲ. ತಿಂಗಳಿಗೊಮ್ಮೆ ಊರಿನವರೆಲ್ಲ ಸೇರಿ ಬ್ರೆಡ್ಡು ಸುಡುವ ಶನಿವಾರ ಮರುದಿನವೇ ಇತ್ತು, ಅದರ ಸರದಿ ಎತ್ತುವುದು ಅಂದು ಮಧ್ಯಾಹ್ನ. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ? ಇಲ್ಲಿ ನೀರಿನ ಬದಲು ಒಲೆ. ಚರ್ಚಿನ ಪಕ್ಕ ಬಸಾಲ್ಟ್ ಕಲ್ಲಿನ ಒಂದೇ ಕೋಣೆಯ ಮನೆ, ಒಳಗೆ ಗುಹೆಯಂಥ ಒಲೆ. ಹಿಂದೆ ಊರಿಗೆಲ್ಲ ಅದೊಂದೇ ಇತ್ತಂತೆ. ಯಾರು ಯಾವಾಗ ಸುಡಬೇಕು ಎಂಬುದಕ್ಕೆ ಜಗಳವಾಗಬಾರದೆಂದು ಪ್ರತಿ ಮನೆಗೂ ಒಂದು ಮರದ ಬಿಲ್ಲೆ. ಬಿಲ್ಲೆಗಳನ್ನು ಟೋಪಿಗೆ ಹಾಕಿ ಎತ್ತುತ್ತಾರೆ. ಮೊದಲ ಸರದಿ ಯಾರಿಗೂ ಬೇಡ. ತಣ್ಣಗಿನ ಒಲೆ ಕಾಯಿಸಲು ಅವರದೇ ಸೌದೆ ಜಾಸ್ತಿ ಸುಡಬೇಕು, ಮೊದಲ ದೋಸೆಯ ಹಾಗೆ ಅವರ ಬ್ರೆಡ್ಡೇ ಕೆಡುವುದೂ ಹೆಚ್ಚು.

ಇಪ್ಪತ್ತು ಮೂವತ್ತು ಜನ ಸೇರಿದ್ದರು. ಡೀಟರ್ ಟೋಪಿಗೆ ಕೈ ಹಾಕಿ, ಮೊದಲ ಬಿಲ್ಲೆ ತೆಗೆದು, ಗಾಳಿಗೂ ಕೇಳಿಸುವಂತೆ ಕೂಗಿದರು: "ವೆಲ್ಕರ್ಷ್!"

ಆಂಟಿ ಎದ್ದು ನಿಂತರು. ಆಸ್ಪತ್ರೆಯಲ್ಲಿ ಹೆಸರು ಕೂಗಿದಾಗ ಏಳುತ್ತೇವಲ್ಲ, ಹಾಗೆ, ಯೋಚಿಸದೆ. ಅದೇ ಹೊತ್ತಿಗೆ ಗುಂಪಿನಿಂದ ಐವತ್ತು ದಾಟಿದ ಹೆಂಗಸೊಬ್ಬಳು ಮುಂದೆ ಬಂದು ಬಿಲ್ಲೆಗೆ ಕೈ ಚಾಚಿದಳು. ಒಂದು ಹೆಸರಿಗೆ ಇಬ್ಬರು.

ಡೀಟರ್ ತಲೆಗೆ ಕೈ ಇಟ್ಟುಕೊಂಡರು. ನಿತ್ಯದ ಮಾತಾದ್ದರಿಂದ ಅವರಿಗೆ ಅದು ಹೊಳೆದೇ ಇರಲಿಲ್ಲ. ಆ ಊರಿನಲ್ಲಿ ಮನೆಗೊಂದು ಹೆಸರಿರುತ್ತದೆ, ಅದು ಹಿಂದೊಮ್ಮೆ ಅಲ್ಲಿದ್ದವರ ಹೆಸರು. ಒಡೆಯರು ಬದಲಾದರೂ ಹೆಸರು ಬದಲಾಗುವುದಿಲ್ಲ, ಇರುವವರನ್ನೂ ಊರು ಅದೇ ಹೆಸರಿನಿಂದ ಕರೆಯುತ್ತದೆ. ವೆಲ್ಕರ್ಷ್ ಎಂದರೆ ವೆಲ್ಕರ್ ಮನೆಯವರು. ಮುಂದೆ ಬಂದವಳು ಸೆಲ್ಮಾ, ಬೋಸ್ನಿಯಾದವಳು. ಅಲ್ಲಿನ ಯುದ್ಧದ ಕಾಲದಲ್ಲಿ ಗಂಡನೊಂದಿಗೆ ಓಡಿಬಂದು, ಆಮೇಲೆ ಆ ಮನೆ ಕೊಂಡವಳು. ಈಗ ಗಂಡ ಇಲ್ಲ, ಮಗ ಪಟ್ಟಣದಲ್ಲಿದ್ದಾನೆ.

ಆಂಟಿ ಯಾರೆಂದು ಡೀಟರ್ ಅವಳಿಗೆ ಹೇಳಿದರು. ಸೆಲ್ಮಾ ಬಿಲ್ಲೆಯನ್ನು ಸ್ವಲ್ಪ ಹೊತ್ತು ಮುಷ್ಟಿಯಲ್ಲೇ ಹಿಡಿದಿದ್ದಳು. ಆಮೇಲೆ ತಂದು ಆಂಟಿಯ ಅಂಗೈಯಲ್ಲಿಟ್ಟಳು.

ಶನಿವಾರ ಬೆಳಿಗ್ಗೆ ಇಬ್ಬರೂ ಸೇರಿ ಒಲೆ ಹಚ್ಚಿದರು. ಸೌದೆ ಎಲ್ಲಿ ತುರುಕಬೇಕೆಂದು ಸೆಲ್ಮಾ ಆಂಟಿಯ ಮೊಣಕೈ ಹಿಡಿದು ತೋರಿಸಿದಳು. ಕಲ್ಲು ಬಿಸಿಯಾದ ಮೇಲೆ ಕೆಂಡ ಎಳೆದು, ಒದ್ದೆ ಬಟ್ಟೆಯಿಂದ ಒಳಗೆ ಒರೆಸಿ, ರೈ ಎಂಬ ಧಾನ್ಯದ ಹಿಟ್ಟಿನ ಗುಂಡು ಬ್ರೆಡ್ಡುಗಳನ್ನು ಉದ್ದ ಹಿಡಿಯ ಹಲಗೆಯಿಂದ ಒಳಗೆ ತಳ್ಳಿದರು. ಕಾಯುವಾಗ ಸೆಲ್ಮಾ ಬಹಳ ಹೊತ್ತು ಮಾತಾಡಿದಳು, ಡೀಟರ್ ಇಂಗ್ಲಿಷಿಗೆ ತಿರುಗಿಸಿದರು.

"ಮೊದಮೊದಲು ನಮ್ಮನ್ನ ಬೋಸ್ನಿಯಾದವ್ರು ಅಂತಿದ್ರು. ವರ್ಷಗಟ್ಟಲೆ. ಒಂದಿನ ಇಲ್ಲೇ, ಆಗಿನ ಮೇಯರ್ ತಾತ ವೆಲ್ಕರ್ಷ್ ಅಂತ ಕೂಗಿ ನನ್ನ ಕಡೆ ನೋಡ್ದ. ಮನೆಗೆ ಹೋಗಿ ನಮ್ಮಮ್ಮಂಗೆ ಫೋನ್ ಮಾಡಿ ಅತ್ಬಿಟ್ಟೆ. ನಿನ್ನೆ ನೀವು ಎದ್ದು ನಿಂತ್ರಲ್ಲ, ಭಯ ಆಯ್ತು. ನಿಜವಾದವ್ರು ಬಂದ್ಮೇಲೆ ನಾನ್ಯಾರು ಅಂತ."

ಆಂಟಿ ಅವಳ ದನಿ ಬಂದ ಕಡೆ ಮುಖ ಮಾಡಿದರು. "ಇಟ್ಕೋಮ್ಮ," ಎಂದರು. "ಆ ಹೆಸರನ್ನ ಯಾರಿಗೆ ಕೊಟ್ಟು ಹೋಗ್ಲಿ ಅಂತ ನಂಗೆ ಗೊತ್ತಿರ್ಲಿಲ್ಲ. ಓದೋಣ ಅಂತ ಬಂದೆ. ಕೂಗಿದ್ದು ಕೇಳಿಸ್ಕೊಂಡೆ. ಕಿವಿ ಇನ್ನೂ ಚೆನ್ನಾಗಿದೆ."

ಡೀಟರ್ ಅದನ್ನು ಜರ್ಮನ್ನಿಗೆ ತಿರುಗಿಸಿದರು. ನಾನು ಅತ್ತೆ, ಹೇಳಿಕೊಳ್ಳಲು ನಾಚಿಕೆಯೇನಿಲ್ಲ. ಬ್ರೆಡ್ಡಿನ ತಳ ಒಂದಿಷ್ಟು ಸೀದಿತ್ತು. ಬಿಸಿ ತುಂಡಿಗೆ ಬೆಣ್ಣೆ ಸವರಿ, ಮೇಲೆ ಚಟ್ನಿಪುಡಿ ಉದುರಿಸಿ ಕೊಟ್ಟೆ. ಸೆಲ್ಮಾ ಎರಡನೆಯ ತುಂಡಿಗೂ ಕೈ ಚಾಚಿದಳು.

ಮಧ್ಯಾಹ್ನ ಅವಳ ಮನೆಗೆ ಕಾಫಿಗೆ ಹೋದೆವು. ಗೋಡೆ, ಕಿಟಕಿ, ಚಾವಣಿ ಎಲ್ಲ ಹೊಸದು. ಹೊಸ್ತಿಲ ಕೆಳಗಿನ ಮೆಟ್ಟಿಲು ಮಾತ್ರ ಹಳೆಯದು. ಈ ನೆಲದ್ದೇ ಬಸಾಲ್ಟ್, ಎರಡೂವರೆ ಕೋಟಿ ವರ್ಷದ ಹಿಂದಿನ ಲಾವಾ. ಉಕ್ಕಿನಂಥ ಆ ಕಲ್ಲು ನಡುವೆ ತುಳಿದು ತುಳಿದು ತಗ್ಗಾಗಿತ್ತು. ಇಷ್ಟು ಸವೆಯಬೇಕಾದರೆ ವೆಲ್ಕರ್ ಕಾಲದ ಪಾದಗಳೂ ಬಿದ್ದಿರಲೇಬೇಕು ಎಂದು ಆಂಟಿಗೆ ಹೇಳಿದೆ. ಅವರು ಚಪ್ಪಲಿ ಬಿಟ್ಟು ಆ ತಗ್ಗಿನಲ್ಲಿ ನಿಂತರು. ಆಮೇಲೆ ಮೆಲ್ಲಗೆ ಮಂಡಿಯೂರಿ, ಚೀಲದಿಂದ ಬ್ರಷ್ ತೆಗೆದು, ಅಂಚಿನ ಪಾಚಿ ತಿಕ್ಕತೊಡಗಿದರು. ಸೆಲ್ಮಾ ಬಕೆಟ್ಟಿನಲ್ಲಿ ನೀರು ತಂದಳು. ಸ್ವಲ್ಪ ಹೊತ್ತು ನೋಡಿ, ಬ್ರಷ್ಷನ್ನು ಅವರ ಕೈಯಿಂದ ಕಿತ್ತುಕೊಂಡು ಏನೋ ಹೇಳಿದಳು. ಭಾಷಾಂತರ ಬೇಕಾಗಲಿಲ್ಲ. ಮನೆಗೆ ಬಂದ ಹಿರಿಯರಿಂದ ಯಾರು ಮೆಟ್ಟಿಲು ತೊಳೆಸುತ್ತಾರೆ? ಆಂಟಿ ಬ್ರಷ್ಷನ್ನು ವಾಪಸು ಕೇಳಲಿಲ್ಲ.

ಭಾನುವಾರ ಆ ಹಳ್ಳಿಗೆ ಬಸ್ಸಿಲ್ಲ. ಡೀಟರ್ ತಮ್ಮ ರಿಪೇರಿ ವ್ಯಾನಿನಲ್ಲಿ ನಮ್ಮನ್ನು ರೈಲಿಗೆ ಬಿಡಲು ಹೊರಟರು. ಒಲೆಯ ಮನೆ ದಾಟಿ ವ್ಯಾನು ತಿರುಗಿದಾಗ ಸೆಲ್ಮಾಳ ಮನೆ ಕಂಡಿತು. ಆಂಟಿ ಸೀದ ಬ್ರೆಡ್ಡಿನ ಚೀಲ ಹಿಡಿದುಕೊಂಡು ನನ್ನ ಕಿಟಕಿಯತ್ತ ವಾಲಿದರು.

"ಏನ್ ಕಾಣ್ತಿದೆ ಹೇಳು."

"ಸೆಲ್ಮಾ ಹೊರಗಡೆ ಇದ್ದಾಳೆ ಆಂಟಿ."

"ಕೈ ಬೀಸ್ತಿದ್ದಾಳಾ?"

"ಇಲ್ಲ. ನಿಮ್ಮ ಬ್ರಷ್ಷಲ್ಲಿ ಮೆಟ್ಲು ತಿಕ್ತಿದ್ದಾಳೆ."

"ಸರಿ ಮತ್ತೆ," ಎಂದು ಆಂಟಿ ನೆಟ್ಟಗೆ ಕೂತು, ಬ್ರೆಡ್ಡಿನ ಚೀಲವನ್ನು ತೊಡೆಯ ಮೇಲೆ ಸರಿಯಾಗಿ ಇಟ್ಟುಕೊಂಡರು.