ಕತ್ತು ಮುರಿದ ಸೀಸೆ

ಸೊರಬದ ಒಂದು ಸಣ್ಣ ನರ್ಸಿಂಗ್ ಹೋಮಿನಲ್ಲಿ ನಾಲ್ಕು ವರ್ಷ ದುಡಿದು, ಶಿಕಾರಿಪುರದ ಇನ್ನೊಂದಕ್ಕೆ ಬಂದು ವಾರ್ಡಿನ ಇನ್‌ಚಾರ್ಜ್ ಆದ ಮೇಲೆ ನನಗೆ ಗತ್ತು ನೆತ್ತಿಗೇರಿತ್ತು. ಬೆಳಿಗ್ಗೆ ಆರಕ್ಕೆ ಸರಿಯಾಗಿ ಬಾಗಿಲಲ್ಲಿ ನಿಂತು, ಪೇಷಂಟ್ ಕಡೆಯವರೆಲ್ಲ ಹೊರಗೆ ಎಂದು ಕೂಗುವುದೇ ನನ್ನ ಸುಪ್ರಭಾತ. ನೆಲ ಒರೆಸುವವಳು ಬರುತ್ತಿದ್ದದ್ದು ಏಳಕ್ಕೆ, ಡಾಕ್ಟರು ಬರುತ್ತಿದ್ದದ್ದು ಒಂಬತ್ತಕ್ಕೆ. ಆದರೂ ಜನರನ್ನು ಆರಕ್ಕೇ ಅಟ್ಟಬೇಕು. ಯಾಕೆಂದು ಯಾರೂ ಕೇಳಲಿಲ್ಲ, ನಾನೂ ಕೇಳಿಕೊಳ್ಳಲಿಲ್ಲ.

ಆ ವಾರ್ಡಿಗೆ ತೊಡೆಯ ಮೂಳೆ ಮುರಿದುಕೊಂಡು ಒಬ್ಬ ಹಿರಿಯರು ಬಂದರು. ಎಪಿಎಂಸಿಯಲ್ಲಿ ಮೆಕ್ಕೆಜೋಳದ ವ್ಯಾಪಾರ ಮಾಡಿ ಸಾಕೆನಿಸಿ ಮನೆಯಲ್ಲಿದ್ದವರು. ಏಳೆಂಟು ವರ್ಷದಿಂದ ಪಾರ್ಕಿನ್‌ಸನ್ ಕಾಯಿಲೆ. ಜೊತೆಗೆ ಬಂದ ಮಗ, ಒಳಗೆ ಹಾಕುವ ರಾಡು ಯಾವ ಕಂಪನಿಯದು ಎಂದು ನಾಲ್ಕು ಸಲ ವಿಚಾರಿಸಿದ. ಅಪ್ಪ ದಿನಕ್ಕೆ ಎಷ್ಟು ಮಾತ್ರೆ ನುಂಗುತ್ತಾರೆ ಎಂದು ನಾನು ಕೇಳಿದರೆ ಮೊಬೈಲ್ ಹಿಡಿದು ವರಾಂಡಕ್ಕೆ ನಡೆದ. ಇಂಥ ಗಂಡುಮಕ್ಕಳನ್ನು ದಿನಾ ನೋಡುತ್ತೇವೆ. ಬಿಸ್ಕತ್ತು ತರುವುದಕ್ಕೆ ಮಾತ್ರ ಮುಂದು.

ಗೊತ್ತಿದ್ದದ್ದು ಹಿರಿಯರ ಹೆಂಡತಿಗೆ. ಓದು ಬರಹ ಬಾರದ ಆ ಅಜ್ಜಿ ಒಂದು ಸ್ಟೀಲ್ ಡಬ್ಬಿ ತೆರೆದು ತೋರಿಸಿ, ಬೆಳಿಗ್ಗೆ ಆರು, ಹತ್ತು, ಮಧ್ಯಾಹ್ನ ಎರಡು, ಸಂಜೆ ಆರು ಎಂದು ಬೆರಳು ಮಡಿಸಿದರು. ಹೊತ್ತು ತಪ್ಪಿದರೆ ಕೈಕಾಲು ಸೆಟೆದುಕೊಳ್ಳುತ್ತವಂತೆ, ಇನ್ನೂ ತಡವಾದರೆ ಎಂಜಲು ನುಂಗುವುದಕ್ಕೂ ಆಗುವುದಿಲ್ಲವಂತೆ. ಮೊದಲೆಲ್ಲ ಲಿಂಗಪೂಜೆ ಆಗುವ ತನಕ ಹನಿ ನೀರು ಮುಟ್ಟದ ಮನುಷ್ಯ, ಈಗ ಮೊದಲು ಮಾತ್ರೆ ನುಂಗಿ ಕೈ ನಡುಕ ನಿಂತ ಮೇಲೆ ಲಿಂಗವನ್ನು ಅಂಗೈಗೆ ತೆಗೆದುಕೊಳ್ಳುತ್ತಾರಂತೆ.

ನಾನು ಆ ಡಬ್ಬಿ ಕಸಿದುಕೊಂಡು ಬೀರುವಿಗೆ ಹಾಕಿ ಬೀಗ ಜಡಿದೆ. ಮನೆಯಿಂದ ತಂದ ಮಾತ್ರೆ ಇಲ್ಲಿ ನಡೆಯುವುದಿಲ್ಲ, ಎಂಟು ಗಂಟೆಗೆ ನಮ್ಮ ಟ್ರಾಲಿ ಬರುತ್ತದೆ, ಆಗಲೇ ಎಲ್ಲರಿಗೂ ಔಷಧಿ ಎಂದು ಪಾಠ ಹೇಳಿದೆ. ಆ ಮನುಷ್ಯ ಮಾತ್ರೆಗೋಸ್ಕರ ಜನ್ಮದ ನೇಮವನ್ನೇ ಹಿಂದೆ ಹಾಕಿದ್ದರು. ನಾವು ಒಂದು ಟ್ರಾಲಿಯನ್ನು ಎರಡು ಗಂಟೆ ಮೊದಲು ತಳ್ಳಲು ತಯಾರಿರಲಿಲ್ಲ.

ಮಾರನೆಯ ಬೆಳಿಗ್ಗೆ ಅಜ್ಜಿಯನ್ನು ಆರಕ್ಕೇ ಹೊರಗಟ್ಟಿದೆ. ಎಂಟಕ್ಕೆ ಟ್ರಾಲಿ ತಳ್ಳಿಕೊಂಡು ಹೋದಾಗ ಹಿರಿಯರು ಹಲಗೆಯಂತೆ ಬಿದ್ದಿದ್ದರು. ಬಾಯಿಗಿಟ್ಟ ಮಾತ್ರೆ ಎಂಜಲಿನ ಜೊತೆ ದಿಂಬಿಗೆ ಜಾರಿತು. ಕೇಸ್ ಶೀಟಿನಲ್ಲಿ, ಪೇಷಂಟ್ ಸಹಕರಿಸುತ್ತಿಲ್ಲ ಎಂದು ಬರೆದೆ. ಇಂಥ ವಾಕ್ಯ ಬರೆಯುವುದರಲ್ಲಿ ನಮ್ಮನ್ನು ಮೀರಿಸುವವರಿಲ್ಲ. ಸ್ವಲ್ಪ ಹೊತ್ತಿಗೆ ಅವರು ನರಳತೊಡಗಿದರು. ಡಾಕ್ಟರು ಕಾರಿನಿಂದಲೇ ಫೋನಿನಲ್ಲಿ ನೋವಿನ ಇಂಜೆಕ್ಷನ್ ಹೇಳಿದರು, ಅದರ ಬೆನ್ನಿಗೆ ವಾಂತಿಯದೂ ಇರಲಿ ಎಂದರು. ಅವೆರಡೂ ನಮ್ಮಲ್ಲಿ ಯಾವಾಗಲೂ ಜೋಡಿ. ನೋವಿನದ್ದಕ್ಕೆ ಹೊಟ್ಟೆ ತೊಳಸಬಹುದು, ಆದ್ದರಿಂದ ವಾಂತಿಯದನ್ನೂ ಚುಚ್ಚಿಬಿಡುವುದು. ಮಂಚದ ಮೇಲೆ ಇರುವವರು ಯಾರು, ಅವರ ಕಾಯಿಲೆ ಏನು ಎಂದು ನೋಡುವ ಪದ್ಧತಿ ಇರಲಿಲ್ಲ.

ಮೊದಲನೆಯದನ್ನು ಕೊಟ್ಟಾಗಿತ್ತು. ಎರಡನೆಯ ಸೀಸೆಯ ಕತ್ತು ಮುರಿದು ಸಿರಿಂಜಿಗೆ ಎಳೆದುಕೊಳ್ಳುತ್ತಿದ್ದೆ. ಗಂಡನ ನರಳಾಟ ಕೇಳಿ ಅಜ್ಜಿ ಒಳಗೆ ನುಗ್ಗಿ ಬಂದರು. ಬಂದವರು ಟ್ರೇಯಲ್ಲಿದ್ದ ಸೀಸೆಯನ್ನು ನೋಡಿ ನನ್ನ ಮಣಿಕಟ್ಟು ಹಿಡಿದರು.

"ಆ ಸೂಜಿ ಬ್ಯಾಡ್ರೀ ಸಿಸ್ಟರಮ್ಮ."

ಅದೇನು ಔಷಧಿ ಎಂದು ಗೊತ್ತಾ ನಿಮಗೆ, ಓದೋಕೆ ಬರುತ್ತಾ ಎಂದು ನಕ್ಕೆ. ಅವರು ಎಲೆ ಅಡಿಕೆ ಸಂಚಿಗೆ ಕೈಹಾಕಿ ಹತ್ತಿಯ ಉಂಡೆಯೊಂದನ್ನು ತೆಗೆದು ಬಿಡಿಸಿದರು. ಒಳಗೆ ಒಂದು ಖಾಲಿ ಸೀಸೆ, ಅದರದೂ ಕತ್ತು ಮುರಿದಿತ್ತು.

"ಓದಾಕೆ ಬರಲ್ಲ ಅಂತಾನೇ ಸೀಸೆ ಇಟ್ಕಂಡೀನಿ. ಸೊರಬದಾಗೆ ಮಗಳ ಮನಿಗೆ ಹೋದಾಗ ಇವ್ರಿಗೆ ಹೊಟ್ಟೆನೋವು ಬಂದು ಅಲ್ಲೇ ಆಸ್ಪತ್ರಿಗೆ ಸೇರಿಸಿದ್ವಿ. ಇದು ಹಾಕಿದ ಮ್ಯಾಲೆ ಮೂರು ದಿವ್ಸ ಬಾಯಿ ತೆಗಿಲಿಲ್ಲ ಇವ್ರು."

ಎರಡು ಸೀಸೆಗಳನ್ನೂ ಬೆಳಕಿಗೆ ಹಿಡಿದೆ. ಎರಡರ ಮೇಲೂ ಅದೇ ವಾಂತಿಯ ಔಷಧಿಯ ಹೆಸರು, ಮೆಟೊಕ್ಲೋಪ್ರಮೈಡ್. ಪಾರ್ಕಿನ್‌ಸನ್ ಇದ್ದವರನ್ನು ಅದು ಇನ್ನಷ್ಟು ಸೆಟೆಸುತ್ತದೆ, ಕೊಡಬಾರದು ಎಂದು ನಾನು ಉರು ಹೊಡೆದು, ಪರೀಕ್ಷೆಯಲ್ಲಿ ಬರೆದು ಪಾಸಾಗಿದ್ದೆ. ಪರೀಕ್ಷೆ ಮುಗಿದ ಮೇಲೆ ಅದರ ಸಹವಾಸವನ್ನೂ ಮುಗಿಸಿದ್ದೆ. ಸಿರಿಂಜನ್ನು ಕಸದ ಡಬ್ಬಿಗೆ ಹಾಕಿದೆ. ಡಾಕ್ಟರಿಗೆ ಫೋನ್ ಮಾಡಿದರೆ, ಹೌದಾ, ಹಾಗಾದರೆ ಬೇಡ ಬಿಡಿ ಎಂದರು, ಕಾಫಿ ಬೇಡವೆನ್ನುವ ಸಲೀಸಿನಲ್ಲಿ. ಮನೆಯ ಮಾತ್ರೆಯನ್ನೇ ಕೊಡಲು ಒಪ್ಪಿದರು.

ಬೀರುವಿನ ಬೀಗ ತೆಗೆದು ಡಬ್ಬಿ ಕೊಟ್ಟೆ. ಅಜ್ಜಿ ಮಂಚದ ತಲೆಯ ಕಡೆ ಎತ್ತಿಸಿದರು. ಮಾತ್ರೆಯನ್ನು ಚಮಚ ನೀರಿನಲ್ಲಿ ಕರಗಿಸಿ, ಗಂಡನ ಗಲ್ಲ ಹಿಡಿದು, ಒಂದೊಂದು ಗುಟುಕಿಗೂ ಕಾದು ಕುಡಿಸಿದರು. ಆ ತಾಳ್ಮೆಯನ್ನು ನನಗೆ ಯಾವ ಕಾಲೇಜೂ ಕಲಿಸಿರಲಿಲ್ಲ. ಹತ್ತು ಗಂಟೆಯ ಹೊತ್ತಿಗೆ ಹಿರಿಯರ ಬೆರಳುಗಳು ಸಡಿಲವಾದವು. ಹೆಂಡತಿ ಒದ್ದೆ ಬಟ್ಟೆಯಲ್ಲಿ ಕೈ ಮುಖ ಒರೆಸಿದ ಮೇಲೆ ಅವರು ಕೊರಳಿನ ಕರಡಿಗೆ ಬಿಚ್ಚಿಸಿ ಲಿಂಗವನ್ನು ಎಡ ಅಂಗೈಯಲ್ಲಿಟ್ಟುಕೊಂಡರು. ಕೈ ಸ್ವಲ್ಪ ನಡುಗಿತು, ಆದರೆ ನಿಂತಿತು. ನೋಡಿ ನನಗೆ ಅಳು ಬಂತು.

ಅಳುವುದನ್ನು ತೋರಿಸಿಕೊಳ್ಳಬಾರದಲ್ಲ, ಇನ್‌ಚಾರ್ಜ್ ಆದವಳು. ಅದಕ್ಕೇ ಸಿಟ್ಟನ್ನು ಸೊರಬದ ಕಡೆಗೆ ತಿರುಗಿಸಿದೆ. ಕೇಸ್ ಶೀಟು ನೋಡದೆ ಚುಚ್ಚುವ ಇಂಥವರಿಂದಲೇ ನಮ್ಮ ಕೆಲಸಕ್ಕೆ ಕೆಟ್ಟ ಹೆಸರು ಎಂದೆ. ಯಾವ ತಲೆಕೆಟ್ಟ ನರ್ಸು ಹಾಕಿದ್ದು ಇದನ್ನ ಎಂದು ಕೇಳಿದೆ.

ಅಜ್ಜಿ ಡಬ್ಬಿಯ ಮುಚ್ಚಳ ಹಾಕುತ್ತಿದ್ದರು. ತಲೆ ಎತ್ತಲಿಲ್ಲ.

"ನೀವೇ ರೀ," ಎಂದರು. "ಬಂದ ದಿವ್ಸಾನೇ ಗುರುತು ಸಿಕ್ತು. ಹೇಳಿದ್ರೆ ಸಿಟ್ಟಾಗಿ ಇವ್ರನ್ನ ಸರಿ ನೋಡ್ಕಳಲ್ವೇನೋ ಅಂತ ಸುಮ್ನಿದ್ದೆ."

ನನಗೆ ಅವರ ಮುಖವಾಗಲಿ, ಅವರ ಗಂಡನ ಮುಖವಾಗಲಿ ನೆನಪಿರಲಿಲ್ಲ. ಎಷ್ಟು ಕೆದಕಿದರೂ ನೆನಪಾಗಲಿಲ್ಲ. ಮೂರು ದಿನ ಬಾಯಿ ತೆರೆಯದೆ ಮಲಗಿದ್ದ ಒಬ್ಬ ಮನುಷ್ಯನ ಪಕ್ಕದಲ್ಲಿ ನಾನು ಟ್ರಾಲಿ ತಳ್ಳಿಕೊಂಡು ಓಡಾಡಿದ್ದೆ, ಅಷ್ಟೆ.

ಹಳೆಯ ಸೀಸೆ ಇನ್ನೂ ನನ್ನ ಮುಷ್ಟಿಯಲ್ಲಿತ್ತು. ಅಜ್ಜಿ ಕೈ ಚಾಚಿದರು.

"ಅದು ವಾಪಸ್ ಕೊಡ್ರಿ. ಬೇಕಾಗ್ತೈತಿ."

ಕೊಟ್ಟೆ. ಅವರು ಅದನ್ನು ಹತ್ತಿಯಲ್ಲಿ ಸುತ್ತಿ ಮತ್ತೆ ಸಂಚಿಯೊಳಗೆ ಇಟ್ಟುಕೊಂಡರು.